ಸಿಯೆನಾದಲ್ಲಿ ಬಾಡಿಗೆ ಸೈಕಲ್ ಹತ್ತುವ ಮುಂಚೆ ಇದನ್ನೊಮ್ಮೆ ಓದಿ

ಇಟಲಿಯ ಟಸ್ಕನಿಗೆ ಹೋಗಿ ಸೈಕಲ್ ತುಳಿಯಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಈ ಬರಹ. ಜಾಗದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಸಿಯೆನಾದ ಒಂದು ಬಾಡಿಗೆ ಸೈಕಲ್ ಅಂಗಡಿ ಬಗ್ಗೆ, ಅವರು ಕೈಗಿಟ್ಟ "ಸುಲಭದ ರೌಂಡ್" ಬಗ್ಗೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥವು ಬೇರೆ ಊರುಗಳಲ್ಲೂ ಇರುತ್ತವೆ, ಅವರ ಚಾಳಿ ಗೊತ್ತಿದ್ದರೆ ಸಾಕು.

ಜೂನ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿರುವ ಭಾವನ ಜೊತೆ ಹೋಗಿದ್ದೆ. ಆನ್‌ಲೈನ್‌ನಲ್ಲಿ ಎರಡು ರೋಡ್ ಬೈಕ್, ಅಂದರೆ ಡಾಂಬರು ರಸ್ತೆಗೆಂದೇ ಇರುವ ತೆಳು ಟೈರಿನ ಸೈಕಲ್, ಬುಕ್ ಮಾಡಿದ್ದೆವು. ಅಂಗಡಿಯವರೇ ದಾರಿಯ ಜಿಪಿಎಕ್ಸ್ ಫೈಲ್ (ಜಿಪಿಎಸ್‌ಗೆ ಹಾಕಿದರೆ ದಾರಿ ತೋರಿಸುವ ಫೈಲ್) ಮೇಲ್ ಮಾಡಿದರು. 65 ಕಿ.ಮೀ., ಸುಂದರ ಹಳ್ಳಿ ರಸ್ತೆ, ಮಧ್ಯಾಹ್ನದ ಊಟಕ್ಕೆ ವಾಪಸ್ ಅಂತ ಮೇಲ್‌ನಲ್ಲೇ ಬರೆದಿದ್ದರು. ಶನಿವಾರ ಸಂಜೆ ಸೈಕಲ್ ತಂದೆವು. ಕಾರ್ಬನ್ ಫ್ರೇಮು, ಆಳವಾದ (ಡೀಪ್) ಕಾರ್ಬನ್ ರಿಮ್ಮು, 25 ಮಿ.ಮೀ. ಟೈರು. ನೋಡೋಕೆ ಮದುಮಗನ ಹಾಗಿತ್ತು. ಸೀಟಿನ ಕೆಳಗಿನ ಚೀಲ ತೋರಿಸಿ "ಎಲ್ಲಾ ಇದರಲ್ಲೇ ಇದೆ" ಅಂದರು.

ಸಿಯೆನಾದಿಂದ ಅಶಾನೋ ಊರಿನವರೆಗೆ ಲೌರೆತಾನಾ ರಸ್ತೆ. ಸುಮಾರು 25 ಕಿ.ಮೀ., ಪೂರ್ತಿ ಡಾಂಬರು. ಲೊರೆಟೋ ಕ್ಷೇತ್ರಕ್ಕೆ ಯಾತ್ರಿಕರು ಹೋಗುತ್ತಿದ್ದ ಹಳೇ ದಾರಿ ಇದು, ಹೆಸರು ಬಂದಿದ್ದೂ ಅದರಿಂದಲೇ. ಎರಡೂ ಕಡೆ ಕ್ರೇತೆ ಸೆನೇಸಿಯ ಜೇಡಿಮಣ್ಣಿನ ಗುಡ್ಡಗಳು. ಲಕ್ಷಾಂತರ ವರ್ಷಗಳ ಹಿಂದೆ ಇದು ಸಮುದ್ರದ ತಳ. ಆ ಬೂದು ಮಣ್ಣೇ ಈಗ ಗೋಧಿ ಹೊಲ. ನಿಜಕ್ಕೂ ಕಣ್ಣು ತುಂಬುವ ರಸ್ತೆ. ಇಷ್ಟರ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ.

ಸುಳ್ಳು ಶುರುವಾಗಿದ್ದು ಅಶಾನೋ ದಾಟಿದ ಮೇಲೆ. ಸ್ವಲ್ಪ ದೂರ ಹೋಗುತ್ತಿದ್ದಂತೆ ಡಾಂಬರು ನಿಂತೇಹೋಯಿತು. ಮುಂದೆ ಬಿಳಿ ಜಲ್ಲಿ. ಜಿಪಿಎಸ್ ಮಾತ್ರ ನೇರ ಹೋಗು ಅನ್ನುತ್ತಿತ್ತು. ಅದು ಮೊಂತೆ ಸಾಂತೆ ಮರಿಯೇ. ಸೈಕಲ್ ರೇಸ್ ನೋಡುವವರಿಗೆ ಹೆಸರು ಗೊತ್ತಿರುತ್ತೆ. 2007ರಲ್ಲಿ ಶುರುವಾದ 'ಸ್ತ್ರಾದೆ ಬಿಯಾಂಕೆ' (ಬಿಳಿ ರಸ್ತೆಗಳು ಅಂತ ಅರ್ಥ) ರೇಸಿನ ಅತಿ ಕಷ್ಟದ ತುಂಡುಗಳಲ್ಲಿ ಇದೂ ಒಂದು. 11.5 ಕಿ.ಮೀ. ಬರೀ ಜಲ್ಲಿ, ಇಳಿಜಾರು, ಮತ್ತೆ ಕಡಿದಾದ ಏರು. ಆ ರೇಸನ್ನು ಮೂರು ಸಲ ಗೆದ್ದ ಫಾಬಿಯನ್ ಕಾನ್ಸೆಲಾರಾ ಹೆಸರನ್ನು ಈ ತುಂಡಿಗೆ ಇಟ್ಟಿದ್ದಾರೆ. ಅಂಥ ದಾರಿಯನ್ನು ಹಳ್ಳಿ ರಸ್ತೆ ಅಂತ ಮೇಲ್‌ನಲ್ಲಿ ಬರೆದು ಕಳಿಸೋದಾ?

ಇನ್ನೊಂದು ಮಾತು. ಈ ಬಿಳಿ ರಸ್ತೆಗಳು ಸರ್ಕಾರ ಡಾಂಬರು ಹಾಕದೆ ಬಿಟ್ಟ ರಸ್ತೆಗಳಲ್ಲ. ಡಾಂಬರು ಬೇಡ, ಹೀಗೇ ಉಳಿಯಲಿ ಅಂತ ಅಲ್ಲಿನವರೇ ಕಾಪಾಡಿಕೊಂಡಿದ್ದಾರೆ. 1997ರಲ್ಲಿ ಗಾಯೋಲೆ ಊರಿನಲ್ಲಿ ಶುರುವಾದ 'ಎರೋಯಿಕಾ' ಸವಾರಿಯ ಉದ್ದೇಶವೂ ಅದೇ. 1987ಕ್ಕಿಂತ ಹಿಂದಿನ ಸೈಕಲ್‌ಗಳಲ್ಲಿ ಜನ ಈ ರಸ್ತೆಗಳ ಮೇಲೆ ಹೋಗುತ್ತಾರೆ. ವರ್ಷವಿಡೀ ಹೋಗಬಹುದಾದ 209 ಕಿ.ಮೀ. ದಾರಿಗೆ ಫಲಕವನ್ನೂ ಹಾಕಿದ್ದಾರೆ. ಹಾಗಾಗಿ ನಕಾಶೆಯಲ್ಲಿ "ಕಿಯಾಂತಿ", "ಕ್ರೇತೆ ಸೆನೇಸಿ" ಅಂತ ಕಂಡರೆ ಜಲ್ಲಿ ಇದ್ದೇ ಇರುತ್ತೆ ಅಂದುಕೊಂಡೇ ಹೊರಡಿ. ಅಗಲ ಟೈರಿನ ಗ್ರಾವೆಲ್ ಬೈಕ್ ಇದ್ದರೆ ಇದೇ ದಾರಿ ಹಬ್ಬ. 25 ಮಿ.ಮೀ. ಟೈರಿಗಲ್ಲ. ರೇಸಿನವರೇ ಇಲ್ಲಿಗೆ ಅದಕ್ಕಿಂತ ದಪ್ಪ ಟೈರು ಹಾಕಿಕೊಂಡು ಬರುತ್ತಾರೆ.

ಮೊದಲ ಇಳಿಜಾರಿನಲ್ಲೇ ಭಾವನ ಹಿಂದಿನ ಚಕ್ರ ಠುಸ್ ಅಂತು. ಚೀಲ ಬಿಚ್ಚಿದೆವು. ಒಂದು ಸ್ಪೇರ್ ಟ್ಯೂಬ್ ಇತ್ತು. ಟೈರು ಕಿತ್ತು, ಒಳಗೆ ಬೆರಳಾಡಿಸಿ ಕಲ್ಲಿನ ಚೂರು ತೆಗೆದು, ಹೊಸ ಟ್ಯೂಬ್ ಕೂರಿಸಿದೆವು. ಪಂಪ್ ಹಾಕೋಕೆ ಹೋದರೆ ವಾಲ್ವೇ ಇಲ್ಲ! ರಿಮ್ ಅಷ್ಟು ಆಳ, ಟ್ಯೂಬಿನ ವಾಲ್ವ್ ಗಿಡ್ಡ. ಅದರ ತುದಿ ರಿಮ್ಮಿನ ತೂತಿನೊಳಗೇ ಉಳಿದಿತ್ತು, ಪಂಪಿನ ಬಾಯಿಗೆ ಸಿಗುವುದೇ ಇಲ್ಲ. ಉದ್ದನೆ ವಾಲ್ವ್ ಬೇಕಾದ ಚಕ್ರಕ್ಕೆ ಮಾಮೂಲಿ ಟ್ಯೂಬ್ ತುರುಕಿದ್ದರು. ಸರಿ, ಹಳೇ ಟ್ಯೂಬಿಗೇ ಪ್ಯಾಚ್ ಹಾಕೋಣ ಅಂತ ಸೊಲ್ಯೂಷನ್ ತೆಗೆದರೆ ಅದು ಒಣಗಿ ಕಲ್ಲಾಗಿದೆ. "ಇದನ್ನ ಯಾವ ಕಾಲದಲ್ಲಿ ಇಟ್ಟಿದ್ರೋ" ಅಂದರು ಭಾವ. ಅಂಗಡಿಗೆ ಫೋನ್ ಮಾಡಿದರೆ ಭಾನುವಾರ, ಯಾರೂ ಎತ್ತಲಿಲ್ಲ.

ಅಲ್ಲಿ ಮರ ಇಲ್ಲ. ಹಾಳು ಬಿಸಿಲು. ಬಿಳಿ ಜಲ್ಲಿ ಅದನ್ನು ಮುಖಕ್ಕೇ ವಾಪಸ್ ಎರಚುತ್ತೆ. ಆ ತುಂಡಿನಲ್ಲಿ ಅಂಗಡಿ, ಕಾಫಿ ಬಾರ್ ಯಾವುದೂ ಸಿಗಲಿಲ್ಲ. ಬಾಟಲಿಯಲ್ಲಿ ನೀರು ತಳ ಕಂಡಿತ್ತು. ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಾಗ ಕುರಿಮಂದೆ ಎದುರಾಯಿತು, ಅದರ ಜೊತೆ ದೊಡ್ಡ ಬಿಳಿ ನಾಯಿಗಳು. ಮರೆಮ್ಮಾ ತಳಿ, ತೋಳದಿಂದ ಕುರಿ ಕಾಯೋಕೆ ಸಾಕುವುದು. ಕುರಿ ಹಾಲಿನ ಪೆಕೊರೀನೋ ಚೀಸ್ ತಿನ್ನುವಾಗ ಈ ನಾಯಿಗಳು ಯಾರ ನೆನಪಿಗೂ ಬರಲ್ಲ ಬಿಡಿ. ಅವು ಬೊಗಳುತ್ತಾ ಹತ್ತಿರ ಬಂದರೆ ಓಡಬಾರದು, ಸೈಕಲ್ ಹತ್ತಿ ಜೋರಾಗಿ ತುಳಿಯಲೂ ಬಾರದು. ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು, ಮಂದೆಯಿಂದ ದೂರಕ್ಕೆ ನಿಧಾನ ನಡೆಯಿರಿ. ನಾವು ಹಾಗೇ ಮಾಡಿದೆವು. ಕುರಿಗಳಿಂದ ದೂರ ಆಗುತ್ತಿದ್ದಂತೆ ಅವು ಸುಮ್ಮನಾದವು.

ಕೊನೆಗೆ ಒಬ್ಬ ರೈತರು ಪಿಕಪ್‌ನಲ್ಲಿ ಬಂದರು. ಭಾಷೆ ಬರದಿದ್ದರೂ ಚಕ್ರ ನೋಡಿ ನಕ್ಕರು, ಸೈಕಲ್‌ಗಳನ್ನು ಹಿಂದೆ ಹಾಕಿಕೊಂಡು ಅಶಾನೋ ಸ್ಟೇಷನ್ನಿನ ಬಳಿ ಇಳಿಸಿದರು. ದುಡ್ಡು ಕೊಟ್ಟರೆ ತಗೊಳ್ಳಲೇ ಇಲ್ಲ. ಫೈಲಿನಲ್ಲಿದ್ದ ಮುಂದಿನ ದಾರಿ ನಾವು ನೋಡಲೇ ಇಲ್ಲ. 1260ರಲ್ಲಿ ಸಿಯೆನಾದವರು ಫ್ಲಾರೆನ್ಸಿನವರನ್ನು ಸೋಲಿಸಿದ ಮೊಂತಪೆರ್ತಿ ಬಯಲು ಆ ಕಡೆಗೇ ಇದೆ. ಆಮೇಲೆ ಲೆ ತೊಲ್ಫೆ ಅನ್ನುವ ಜಲ್ಲಿ ಏರು, 18 ಪರ್ಸೆಂಟ್‌ವರೆಗೂ ಏರುತ್ತೆ, ಅಂದರೆ ನೂರು ಮೀಟರಿಗೆ 18 ಮೀಟರ್ ಮೇಲಕ್ಕೆ. ಅದನ್ನೂ "ಸುಲಭ"ದಲ್ಲೇ ಸೇರಿಸಿದ್ದರು ಪುಣ್ಯಾತ್ಮರು.

ಅಸಲಿ ಕಥೆ ಇನ್ನು ಮುಂದೆ. ಸೋಮವಾರ ಸೈಕಲ್ ವಾಪಸ್ ಕೊಟ್ಟಾಗ ರಿಮ್ಮಿನ ಮೇಲೆ ಕಲ್ಲು ತಾಗಿದ ಗೀರು ತೋರಿಸಿ 280 ಯೂರೋ ಅಂದರು. ಗಲಾಟೆ ಮಾಡಿದ್ದಕ್ಕೆ ಕರಾರು ಪತ್ರ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಡಾಂಬರಿಲ್ಲದ ರಸ್ತೆಯಲ್ಲಿ ಓಡಿಸಿದರೆ ಆಗುವ ಹಾನಿ ಗಿರಾಕಿಯದ್ದು, ಅಂತ ಇಟಾಲಿಯನ್ ಭಾಷೆಯಲ್ಲಿ, ಸಣ್ಣ ಅಕ್ಷರದಲ್ಲಿ. ಆ ದಾರಿ ಕಳಿಸಿದವರು ನೀವೇ ಅಲ್ವಾ ಅಂದರೆ, ಅದು ಬರೀ ಸಲಹೆ ಅಂತೆ. ದುಡ್ಡನ್ನು ಡೆಪಾಸಿಟ್ಟಿಗೆ ಕೊಟ್ಟಿದ್ದ ಕಾರ್ಡಿನಿಂದ ಅಲ್ಲೇ ಎಳೆದುಕೊಂಡರು. ಭಾವ ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ. ದಾರಿಯ ಫೈಲ್ ಇದ್ದ ಆ ಮೇಲ್, ಗಿಡ್ಡ ವಾಲ್ವಿನ ಫೋಟೋ ಎರಡನ್ನೂ ಜೊತೆಗಿಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಆದ್ದರಿಂದ ಹೋಗುವವರು ದಯವಿಟ್ಟು ಇಷ್ಟು ಮಾಡಿ. ಯಾರೇ ಕೊಟ್ಟ ಫೈಲ್ ಆಗಲಿ, ಕೊಮೂಟ್ ಥರದ ಆ್ಯಪ್‌ನಲ್ಲಿ ಹಾಕಿ ಎಷ್ಟು ಡಾಂಬರು, ಎಷ್ಟು ಜಲ್ಲಿ ಅಂತ ನೋಡಿ. ಕಿ.ಮೀ. ನೋಡಿ ಮೋಸ ಹೋಗಬೇಡಿ, ಏರಿನ ಲೆಕ್ಕ ನೋಡಿ. ಕರಾರು ಪತ್ರವನ್ನು ಫೋನಿನಲ್ಲಿ ಅನುವಾದ ಮಾಡಿ ಓದಿದ ಮೇಲೆಯೇ ಸಹಿ. ಜಲ್ಲಿ ರಸ್ತೆಗೆ ಒಪ್ಪಿಗೆ ಇದೆ ಅಂತ ಅಂಗಡಿಯವರಿಂದ ಮೇಲ್‌ನಲ್ಲಿ ಬರೆಸಿಕೊಳ್ಳಿ. ರಿಮ್ಮು, ಫ್ರೇಮು, ಗೇರು ಎಲ್ಲದರ ವಿಡಿಯೋ ಅಂಗಡಿಯೊಳಗೇ ಮಾಡಿ. ಚೀಲವನ್ನು ಅವರ ಮುಂದೆಯೇ ಬಿಚ್ಚಿಸಿ, ವಾಲ್ವನ್ನು ರಿಮ್ಮಿನ ಪಕ್ಕ ಹಿಡಿದು ನೋಡಿ. ಎಡಗೈ ಬ್ರೇಕ್ ಯಾವ ಚಕ್ರದ್ದು ಅಂತಲೂ ಕೇಳಿ, ನಮ್ಮ ಕಡೆಗಿಂತ ಉಲ್ಟಾ ಇರಬಹುದು. ಮಧ್ಯಾಹ್ನ ಹಳ್ಳಿ ಅಂಗಡಿಗಳು ಬಾಗಿಲು ಹಾಕಿಬಿಡುತ್ತವೆ, ನೀರು, ತಿಂಡಿ ಅದಕ್ಕೆ ಮುಂಚೆಯೇ ತುಂಬಿಸಿಕೊಳ್ಳಿ. ಅಪಘಾತ ಏನಾದರೂ ಆದರೆ 112.

ರೋಡ್ ಬೈಕೇ ಸಿಕ್ಕಿದ್ದರೆ ಬೇಜಾರು ಬೇಡ. ಲೌರೆತಾನಾ ರಸ್ತೆಯಲ್ಲಿ ಅಶಾನೋಗೆ ಹೋಗಿ, ಊಟ ಮಾಡಿ, ಅದೇ ರಸ್ತೆಯಲ್ಲಿ ವಾಪಸ್ ಬನ್ನಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅದು ಅಲ್ಲಿನ ಪದ್ಧತಿ, ಹೋಟೆಲಿನವರನ್ನು ಬೈಯಬೇಡಿ. ಕಾಲು ಸೋತರೆ ಸಿಯೆನಾ–ಕಿಯೂಸಿ ಲೈನಿನ ರೈಲು ಅಶಾನೋ ಮೇಲೇ ಹಾದುಹೋಗುತ್ತೆ. ಸೈಕಲ್ ಚಿತ್ರ ಇರುವ ಗಾಡಿಯಲ್ಲಿ ಸೈಕಲ್ಲಿಗೂ ಬೇರೆ ಟಿಕೆಟ್ ತಗೊಂಡು ಹತ್ತಬಹುದು. ಭಾನುವಾರದ ವೇಳಾಪಟ್ಟಿ ಮಾತ್ರ ಹೊರಡುವ ಮುಂಚೆಯೇ ನೋಡಿಕೊಳ್ಳಿ.