ತೋಪು ತರಿಸಿದೆ, ಟೋಪಿ ಬಂತು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ. ಆದರೆ 6,800 ರೂಪಾಯಿ ಕಳೆದುಕೊಂಡವನು ನಾನು. ಹಾಗಾಗಿ ಬೈಯುವ ಹಕ್ಕೂ ನನಗೇ ಇರಲಿ.

ಯುದ್ಧಕಾಲದ ರೈಲು ತೋಪುಗಳ (ಹಳಿಯ ಮೇಲೆ ಓಡುವ ಫಿರಂಗಿಗಳ) ಮಾಡೆಲ್ ಮಾಡುವವರಿಗೆ, ಅದರಲ್ಲೂ ಕಿಟ್ ಇಲ್ಲದೆ ಸ್ಕ್ರ್ಯಾಚ್‌ನಿಂದ ಮಾಡುವವರಿಗೆ ಈ ಬರಹ. ‘1/72 ಪೂರ್ತಿ ಸೆಟ್: ಹಿತ್ತಾಳೆ ಬ್ಯಾರೆಲ್, 24 ಚಕ್ರ, ಒರಿಜಿನಲ್ ಡ್ರಾಯಿಂಗ್’ (1/72 ಎಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು ಅಳತೆ) ಎಂದು ಫೋಟೋ ಹಾಕಿಕೊಂಡು ಯಾರಾದರೂ ಮಾರುತ್ತಿದ್ದರೆ ಒಂದು ನಿಮಿಷ ನಿಲ್ಲಿ. ನಾನು ನಿಲ್ಲಲಿಲ್ಲ.

ನಾನು ಮಾಡುತ್ತಿದ್ದದ್ದು ಕ್ರುಪ್ ಕಂಪನಿಯ ಕೆ5. ಜರ್ಮನ್ನರು ಲಿಯೋಪೋಲ್ಡ್ ಎಂದು ಹೆಸರಿಟ್ಟಿದ್ದ ತೋಪು. 1944ರಲ್ಲಿ ಇಟಲಿಯ ಆಂಜಿಯೋ ತೀರದಲ್ಲಿ ಇಳಿದ ಮಿತ್ರಪಡೆಯವರ ಬಾಯಲ್ಲಿ ಅದೇ ಆಂಜಿಯೋ ಆ್ಯನಿ ಆಯಿತು. 218 ಟನ್ ತೂಕ. ಹೊರಲು 12 ಅಚ್ಚು, 24 ಚಕ್ರ. ಜಪಾನಿನ ಹಸೆಗಾವಾ ಕಂಪನಿಯ ಕಿಟ್ ಇದೆಯಲ್ಲ ಎನ್ನಬೇಡಿ. ಇದೆ, ಗೊತ್ತು. ತೆಳು ಪ್ಲಾಸ್ಟಿಕ್ ಶೀಟಿನ ಹಿಂದಿನಿಂದ ಟೈಲರ್‌ಗಳ ಹಲ್ಲುಚಕ್ರ ಒತ್ತಿ ಒಂದೊಂದೇ ಸಾಲು ರಿವೆಟ್ ಎಬ್ಬಿಸುವ ಖುಷಿ ಕಿಟ್‌ನಲ್ಲಿ ಸಿಗುವುದಿಲ್ಲ. ಮೂರು ತಿಂಗಳು ರಾತ್ರಿ ಕೂತು ಚೌಕಟ್ಟು ಮುಗಿಸಿದ್ದೆ. ಬ್ಯಾರೆಲ್ ಮಾತ್ರ ಕೈಗೆ ಹತ್ತಲಿಲ್ಲ. ಪೈಪಿನೊಳಗೆ ಪೈಪು ತೂರಿಸಿ ನೋಡಿದೆ, ಬ್ಯಾಂಡ್‌ಸೆಟ್‌ನವರ ತುತ್ತೂರಿ ಹಾಗೆ ಕಂಡಿತು. ಆಗ ಸಿಕ್ಕಿದ ಈ ಪುಣ್ಯಾತ್ಮ.

ಮೊದಲ ವಾರ ನಾನು ಅವನಿಗೆ ‘ಅಣ್ಣಾ’. “ಅಣ್ಣಾ, ಟೆನ್ಷನ್ ತಗೋಬೇಡಿ. ನಮ್ಮ ಕಸಿನ್ ಅಮೆರಿಕದಲ್ಲಿದ್ದಾನೆ. ಹೋದ ವರ್ಷ ಮೇರಿಲ್ಯಾಂಡ್‌ನ ಅಬರ್ಡೀನ್‌ಗೆ ಹೋಗಿ, ತೋಪಿಗೇ ಟೇಪ್ ಹಿಡಿದು ಅಳತೆ ತಂದಿದ್ದಾನೆ.” ನನಗೆ ರೋಮಾಂಚನ! ಅಮೆರಿಕನ್ನರು ವಶಪಡಿಸಿಕೊಂಡ ಆ ತೋಪು ಯುದ್ಧದ ನಂತರ ಅಬರ್ಡೀನ್‌ನಲ್ಲಿ ಇದ್ದದ್ದು ನಿಜ. ಆದರೆ ಅದನ್ನು ವರ್ಜೀನಿಯಾಕ್ಕೆ ಸಾಗಿಸಿ ಹತ್ತು ವರ್ಷಕ್ಕೂ ಜಾಸ್ತಿ ಆಗಿದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೊತ್ತಿಗೆ ತಲೆಗೆ ಬರಲಿಲ್ಲ. ಆಸೆಗೆ ಬಿದ್ದವನ ತಲೆ ಹಾಗೇ ಅಲ್ವಾ.

ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಅರ್ಧ ಅಡ್ವಾನ್ಸ್. ಮಾಲು ರೆಡಿಯಾದ ಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ. ಆಮೇಲೆ ಉಳಿದ ದುಡ್ಡು. ನಾನು 3,400 ಹಾಕಿದೆ. ಹನ್ನೆರಡು ದಿನಕ್ಕೆ ಫೋಟೋ ಬಂತು. ನೀಲಿ ಟೇಬಲ್ ಬಟ್ಟೆ, ಅದರ ಮೇಲೆ ಫಳಫಳ ಹೊಳೆಯುವ ಬ್ಯಾರೆಲ್, ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಸ್ಕೇಲ್ ಇಲ್ಲ. ‘ಸ್ಕೇಲ್ ಇಟ್ಟು ಇನ್ನೊಂದು ಕಳಿಸಿ’ ಎಂದು ಟೈಪ್ ಮಾಡಿದೆ. ಅಳಿಸಿದೆ. ನಂಬಿಕೆ ಇಲ್ಲದ ಹಾಗೆ ಆಗುತ್ತದಲ್ಲ ಎಂಬ ಸಂಕೋಚ. ಉಳಿದ 3,400 ಕೂಡ ಹಾಕಿದೆ. ಆ ಸಂಕೋಚದ ಬೆಲೆ 3,400 ಎಂದು ಈಗ ಲೆಕ್ಕ ಹಾಕುತ್ತೇನೆ.

ಪಾರ್ಸೆಲ್ ಬಂತು. ಬ್ಯಾರೆಲನ್ನು ನನ್ನ ಚೌಕಟ್ಟಿನ ಮೇಲೆ ಇಟ್ಟೆ. ನಿಜವಾದ ತೋಪಿನ ಫೋಟೋಗಳಲ್ಲಿ ಕಾಣುವಷ್ಟು ಅದು ಮುಂದಕ್ಕೆ ಚಾಚಲೇ ಇಲ್ಲ. ಮೋಟಾಗಿ ಕಂಡಿತು. ಇಲ್ಲೇ ನಾನು ಮಾಡಿದ ಮೂರ್ಖತನ ಕೇಳಿ. ಬ್ಯಾರೆಲ್ ಅಳೆಯಲಿಲ್ಲ. ನನ್ನ ಚೌಕಟ್ಟೇ ಉದ್ದ ಆಗಿದೆ ಅಂದುಕೊಂಡೆ. ಅವನದು ಹಿತ್ತಾಳೆ, ಲೇತ್ ಕೆಲಸ, ಅಮೆರಿಕದ ಅಳತೆ. ನನ್ನದು ಅಡುಗೆಮನೆ ಟೇಬಲ್ ಮೇಲೆ ಕಟರ್‌ನಲ್ಲಿ ಕೊಯ್ದ ಪ್ಲಾಸ್ಟಿಕ್. ಗರಗಸ ತೆಗೆದುಕೊಂಡು ಚೌಕಟ್ಟನ್ನು ನಡುವೆ ಕೊಯ್ದೆ. 16 ಮಿ.ಮೀ. ತೆಗೆದೆ. ಮೂರು ತಿಂಗಳ ಸರಿಯಾದ ಕೆಲಸವನ್ನು ನನ್ನ ಕೈಯಾರೆ ಕೊಯ್ದೆ.

ಮಾರನೇ ದಿನ ಯಾಕೋ ಅನುಮಾನ ಬಂದು ವರ್ನಿಯರ್ ಅಳತೆಗೋಲು ಹಿಡಿದೆ. ಕೆ5 ಬ್ಯಾರೆಲ್ ಉದ್ದ 21,539 ಮಿ.ಮೀ. 72ರಿಂದ ಭಾಗಿಸಿದರೆ 299 ಬರಬೇಕು. ಕೈಯಲ್ಲಿದ್ದದ್ದು 283.

ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜಿಗೆ ಉತ್ತರ ಬಂತು. ‘ಅಣ್ಣಾ’ ಹೋಗಿ ‘ಸಾರ್’ ಬಂದಿತ್ತು. “ಸಾರ್, ಆ ತೋಪೇ 283 ಎಂಎಂ. ನೆಟ್‌ನಲ್ಲಿ ನೋಡಿ. ನಾವು ಕರೆಕ್ಟಾಗಿ 283 ಕೊಟ್ಟಿದ್ದೇವೆ.”

ಎರಡು ಸಲ ಓದಿದೆ. 283 ಎನ್ನುವುದು ನಿಜವಾದ ತೋಪಿನ ಬಾಯಿಯ ಅಗಲ, ಮಾರಾಯ! 255 ಕೆಜಿ ಗುಂಡು ಹೋಗುವ ತೂತು. 1/72ರಲ್ಲಿ ಅದು 4 ಮಿ.ಮೀ. ಕೂಡ ಆಗುವುದಿಲ್ಲ. ಹಾಗೆಂದು ಬರೆದೆ. ಉತ್ತರ: “ಡ್ರಾಯಿಂಗ್‌ನಲ್ಲಿ ಎಲ್/76 ಅಂತ ಕ್ಲಿಯರ್ ಆಗಿ ಇದೆ ಸಾರ್. 76ರಿಂದ ಭಾಗಿಸಿ ನೋಡಿ, 283 ಬರುತ್ತೆ.”

ಭಾಗಿಸಿ ನೋಡಿದೆ. ಬಂತು! ಸರಿಯಾಗಿ 283. ನಾಚಿಕೆ ಬಿಟ್ಟು ಹೇಳುತ್ತೇನೆ, ಐದು ನಿಮಿಷ ನಾನೇ ತಪ್ಪು ಅಂದುಕೊಂಡೆ. ಆಮೇಲೆ ಹೊಳೆಯಿತು. ಎಲ್/76 ಎಂದರೆ ಬ್ಯಾರೆಲ್ ಉದ್ದ ಬಾಯಿಯ ಅಗಲದ 76 ಪಟ್ಟು ಎಂದರ್ಥ. 76ರಿಂದ ಭಾಗಿಸಿದರೆ ಬಾಯಿಯ ಅಗಲ ಬರದೆ ಇನ್ನೇನು ಬರುತ್ತದೆ? ಅದನ್ನು ಅವನು ಮಾಡೆಲ್ ಸ್ಕೇಲ್ ಎಂದು ಓದಿದ್ದಾನೆ. ಉತ್ತರ 283 ಎಂದು ಬಂದಿದೆ. ನೆಟ್‌ನಲ್ಲೂ 283 ಎಂದು ಇದೆ. ತಪ್ಪೇ ಸುತ್ತಿಕೊಂಡು ಬಂದು ತನಗೆ ತಾನೇ ಸಾಕ್ಷಿ ಹೇಳಿದೆ. ಅವನು ಬೇಕಂತಲೇ ಮೋಸ ಮಾಡಿದನೋ, ನಿಜವಾಗಿಯೂ ಅಷ್ಟೇ ಬುದ್ಧಿಯೋ, ಇವತ್ತಿಗೂ ತಿಳಿದಿಲ್ಲ. ನನ್ನ ದುಡ್ಡಿಗೆ ಎರಡೂ ಒಂದೇ.

ಇದನ್ನೆಲ್ಲ ವಿವರಿಸಿ ಉದ್ದಕ್ಕೆ ಬರೆದೆ. “16 ಎಂಎಂ ಏನ್ ಸಾರ್, ಶೋಕೇಸ್‌ನಲ್ಲಿ ಯಾರು ಟೇಪ್ ಹಿಡೀತಾರೆ?” ಎಂದ. ನಿಜವಾದ ತೋಪಿನಲ್ಲಿ ಅದು ಒಂದು ಮೀಟರಿಗಿಂತ ಜಾಸ್ತಿ ಎಂದೆ. ಚೌಕಟ್ಟು ಕೊಯ್ದ ವಿಷಯವನ್ನೂ ಹೇಳಿದೆ, ಪಾಪ ಅನ್ನಿಸಲಿ ಎಂದು. “ಕೊಯ್ದಿದ್ದು ನೀವು ಮಿಸ್ಟರ್, ನಾವಲ್ಲ.”

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಜಾಸ್ತಿ ಉರಿಯುತ್ತದೆ. ಆಮೇಲೆ ಬ್ಲಾಕ್.

ಚಕ್ರಗಳ ಕಥೆ ಚಿಕ್ಕದು. ಬೋಗಿ (ರೈಲಿನ ಡಬ್ಬಿಯಲ್ಲ, ಚಕ್ರಗಳ ಚೌಕಟ್ಟು) ಕಟ್ಟಲು ಹೋದಾಗ ಗೊತ್ತಾಯಿತು. ಜರ್ಮನಿಯ ಹಳಿಗಳ ನಡುವಿನ ಅಗಲ 1,435 ಮಿ.ಮೀ., 1/72ಕ್ಕೆ ಸುಮಾರು 20 ಆಗಬೇಕು. ಅವನು ಕೊಟ್ಟದ್ದು 16.5. ಅಂದರೆ ಆಟಿಕೆ ರೈಲಿನ ಎಚ್‌ಒ ಚಕ್ರ, 1/87. ಡಬ್ಬಿ ಮೇಲೆ 1/72, ಒಳಗೆ ಬ್ಯಾರೆಲ್ 1/76, ಚಕ್ರ 1/87. ‘ತೋಪು ತರಿಸಿದಿರಿ, ಟೋಪಿ ಹಾಕಿಸಿಕೊಂಡಿರಿ’ ಎಂದಳು ಹೆಂಡತಿ. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಸ್ಕೇಲ್ ಇಟ್ಟ ಫೋಟೋ ಕೇಳಿ. ಸಂಕೋಚ ಪಡಬೇಡಿ, ಪಟ್ಟವನ ಗತಿ ಮೇಲಿದೆ. ಆರ್ಡರ್ ಕೊಡುವ ಮೊದಲೇ ಬ್ಯಾರೆಲ್ ಎಷ್ಟು ಮಿಲಿಮೀಟರ್ ಎಂದು ಬರಹದಲ್ಲಿ ತೆಗೆದುಕೊಳ್ಳಿ, ‘1/72’ ಎಂಬ ಮಾತು ಸಾಲದು. ಬಂದ ಮಾಲನ್ನು ಮೊದಲು ಅಳೆಯಿರಿ, ನಿಮ್ಮ ಕೆಲಸದ ಮೇಲೆ ಆಮೇಲೆ ಅನುಮಾನ ಪಡಿ. ಮತ್ತೆ ಅಮೆರಿಕದ ಕಸಿನ್ ಇದ್ದಾನೆ ಎಂದವನ ಹತ್ತಿರ ಸೂಜಿಯೂ ಕೊಳ್ಳಬೇಡಿ.

ಈಗ ಪೀಣ್ಯದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿಕೊಂಡೆ. 299 ಎಂದು ಕಾಗದದ ಮೇಲೆ ಬರೆದುಕೊಟ್ಟೆ. ಅವರು ಯಾವ ತೋಪು, ಏನು ಎತ್ತ ಎಂದು ಕೇಳಲೂ ಇಲ್ಲ, 299 ಮಾಡಿ ಕೊಟ್ಟರು. ಚೌಕಟ್ಟಿಗೆ 16 ಮಿ.ಮೀ. ತುಂಡು ಸೇರಿಸಿ ಅಂಟಿಸಿದ್ದೇನೆ. ಪುಟ್ಟಿ ಹಾಕಿ ಎಷ್ಟು ಉಜ್ಜಿದರೂ ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ.

ನಿನ್ನೆ ರಾತ್ರಿ ಅದೇ ಫೋಟೋ ಮತ್ತೆ ಕಣ್ಣಿಗೆ ಬಿತ್ತು. ನೀಲಿ ಬಟ್ಟೆ, ಸ್ಟೀಲ್ ಲೋಟ. ‘ಕೊನೆಯ ಒಂದೇ ಸೆಟ್’ ಎಂದು ಬರೆದಿದ್ದಾನೆ. ಈಗಲೂ ಸ್ಕೇಲ್ ಇಲ್ಲ.