ಡ್ರೆಸ್ಡೆನ್‌ನ ಎರಡು ಕ್ಯಾಮೆರಾ: ಎಕ್ಸಾಕ್ಟಾನೋ, ಪ್ರಾಕ್ಟಿಕಾನೋ?

ಕೆಲಸಕ್ಕೆಂದು ಜರ್ಮನಿಯ ಡ್ರೆಸ್ಡೆನ್‌ಗೆ ಬಂದ ಮೇಲೆ ನನಗೆ ಫಿಲ್ಮ್ ಕ್ಯಾಮೆರಾ ಹುಚ್ಚು ಹತ್ತಿತು. ಇಲ್ಲೇ ತಯಾರಾದ ಎರಡು ಕ್ಯಾಮೆರಾ ಕೊಂಡೆ. ಒಂದು 1950ರ ದಶಕದ ಎಕ್ಸಾಕ್ಟಾ ವಾರೆಕ್ಸ್ 2ಎ, ಇಹಾಗೆ ಕಂಪನಿಯದು. ಇನ್ನೊಂದು ಪೆಂಟಾಕಾನ್ ಕಂಪನಿಯ ಪ್ರಾಕ್ಟಿಕಾ ಎಂಟಿಎಲ್ 3, 1978ರಲ್ಲಿ ಬಂದ ಮಾಡೆಲ್. ಎರಡಕ್ಕೂ 50 ಮಿ.ಮೀ. ಟೆಸ್ಸಾರ್ ಲೆನ್ಸೇ ಇದೆ. ಹಾಗಾಗಿ ಫೋಟೊದಲ್ಲಿ ವ್ಯತ್ಯಾಸ ಹುಡುಕಿ ಪ್ರಯೋಜನವಿಲ್ಲ.

ಪ್ರಾಕ್ಟಿಕಾ ಕೈಗೆ ಬೇಗ ಒಗ್ಗುತ್ತದೆ. ಕ್ಲಿಕ್ ಬಟನ್ ಮುಂಭಾಗದಲ್ಲಿ ಓರೆಯಾಗಿದೆ. ಪಕ್ಕದ ಕೀ ಒತ್ತಿದರೆ, ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಬೆಳಕು ಅಳೆಯುವ ಮೀಟರ್‌ನ ಮುಳ್ಳು ಆಡುತ್ತದೆ, ಅದು ವೃತ್ತದ ನಡುವೆ ನಿಂತರೆ ಬೆಳಕು ಸರಿಯಿದೆ ಎಂದರ್ಥ. ಬ್ಯಾಟರಿ ಮುಗಿದರೆ ಮೀಟರ್ ಮಾತ್ರ ನಿಲ್ಲುತ್ತದೆ, ಫಿಲ್ಮ್‌ಗೆ ಬೆಳಕು ಬಿಡುವ ಪರದೆ, ಅಂದರೆ ಶಟರ್, ನಡೆಯುತ್ತಲೇ ಇರುತ್ತದೆ. ಇದಕ್ಕೆ ಹೊಂದುವ, ತಿರುಗಿಸಿ ಕೂರಿಸುವ ಎಂ42 ತಿರುಪಿನ ಲೆನ್ಸ್‌ಗಳಂತೂ ಜಪಾನಿನವು, ರಷ್ಯಾದವು ಎಷ್ಟು ಬೇಕಾದರೂ ಸಿಗುತ್ತವೆ.

ಎಕ್ಸಾಕ್ಟಾದಲ್ಲಿ ಕ್ಲಿಕ್ ಮಾಡುವುದಕ್ಕೂ ಫಿಲ್ಮ್ ಎಳೆಯುವುದಕ್ಕೂ ಎಡಗೈಯೇ ಬೇಕು. ಲಿವರ್ ಹೆಚ್ಚುಕಡಿಮೆ ಪೂರ್ತಿ ಸುತ್ತು ತಿರುಗಬೇಕು. ತಿರುಗಿಸುವ ತನಕ, ದೃಶ್ಯವನ್ನು ಕಣ್ಣಿಗೆ ತೋರಿಸುವ ಒಳಗಿನ ಕನ್ನಡಿ ಕೆಳಗಿಳಿಯುವುದಿಲ್ಲ, ಏನೂ ಕಾಣುವುದಿಲ್ಲ. ಮೀಟರ್ ಇಲ್ಲ. ಆದರೆ ಬಟನ್ ಒತ್ತಿ ಹಿಡಿಯದೆಯೇ ಶಟರ್ 12 ಸೆಕೆಂಡ್ ತನಕ ತೆರೆದಿರುವಂತೆ ಮಾಡಬಹುದು, ಪ್ರಾಕ್ಟಿಕಾದಲ್ಲಿ 1 ಸೆಕೆಂಡ್ ಅಷ್ಟೆ. ಅರ್ಧ ರೋಲ್ ಕತ್ತರಿಸಿ ತೆಗೆಯಲು ಒಳಗೊಂದು ಪುಟ್ಟ ಚಾಕುವೂ ಇದೆ!

ಎಕ್ಸಾಕ್ಟಾದಲ್ಲಿ ಕಣ್ಣಿಟ್ಟು ನೋಡುವ ಮೇಲಿನ ಪ್ರಿಸಮ್ ಕಳಚಿ, ಎದೆಮಟ್ಟದಲ್ಲಿ ಹಿಡಿದು ಬಗ್ಗಿ ನೋಡುವ ಫೈಂಡರ್ ಹಾಕಬಹುದು. ಅದರಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಟ್ರಾಮ್ ಕಡೆ ಓಡುತ್ತಿದ್ದ ಹುಡುಗನ ಹಿಂದೆ ಕ್ಯಾಮೆರಾ ತಿರುಗಿಸಿದೆ, ಅವನು ಚೌಕಟ್ಟಿನಿಂದಲೇ ಮಾಯ. ಆದರೆ ಸಂತೆಯಲ್ಲಿ ಹೂ ಮಾರುವ ಅಜ್ಜಿಯ ಫೋಟೊ ಕಥೆ ನೋಡಿ. ಪ್ರಾಕ್ಟಿಕಾ ಕಣ್ಣಿಗೆ ಹಿಡಿದ ಕೂಡಲೇ ಅವರು ಕೂದಲು ಸರಿಮಾಡಿಕೊಂಡು ನೆಟ್ಟಗೆ ಕೂತರು. ಎಕ್ಸಾಕ್ಟಾದಲ್ಲಿ ಬಗ್ಗಿ ನೋಡುತ್ತಿದ್ದಾಗ ಬಾಯಲ್ಲಿ ದಾರ ಕಚ್ಚಿಕೊಂಡು ಹೂಗೊಂಚಲು ಕಟ್ಟುತ್ತಲೇ ಇದ್ದರು. ಆ ಫೋಟೊ ನನಗೆ ಪ್ರಾಣ.

ಅದೇ ರೋಲ್‌ನ ನಾಲ್ಕೈದು ಫೋಟೊಗಳಲ್ಲಿ ಬಿಳಿ ಚುಕ್ಕೆಗಳು ಬಿದ್ದಿದ್ದವು. ಎಕ್ಸಾಕ್ಟಾದ ಶಟರ್ ಬಟ್ಟೆಯ ಪರದೆ, ವಯಸ್ಸಾದಂತೆ ಅದರಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಕೊಳ್ಳುವ ಮೊದಲು ಲೆನ್ಸ್ ಬಿಚ್ಚಿ, ಹಿಂದಿನ ಬಾಗಿಲು ತೆರೆದು, ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ. ಪ್ರಾಕ್ಟಿಕಾದ ಪರದೆ ಲೋಹದ್ದು, ಈ ತೊಂದರೆ ಇಲ್ಲ.

ಮೊದಲ ಕ್ಯಾಮೆರಾ ಬೇಕಾದವರು ಸುಮ್ನೆ ಪ್ರಾಕ್ಟಿಕಾ ತಗೊಳ್ಳಿ. ನಾನು ಎಕ್ಸಾಕ್ಟಾಕ್ಕೆ ಹೊಸ ಪರದೆ ಹಾಕಿಸಲು ಕೊಟ್ಟಿದ್ದೇನೆ. ಅದು ಬರುವ ತನಕ ಅಜ್ಜಿಯ ಫೋಟೊ ತೆಗೆಯುವುದಿಲ್ಲ.