ಕಣ್ಣಿನ ‘ಮಾಂಸ’ಕ್ಕೆ ಒಸಿಟಿ ಸ್ಕ್ಯಾನ್, ಇಂಟರ್‌ಫೆರಾನ್ ಸೂಜಿ: ನಮ್ಮ ಕರಾವಳಿಗೆ ಎಷ್ಟು ಒಗ್ಗುತ್ತದೆ?

ಕಾರವಾರದಿಂದ ಭಟ್ಕಳದವರೆಗೆ, ಬೋಟಿನ ಮೇಲೆ ವರ್ಷಗಟ್ಟಲೆ ಬಿಸಿಲುಂಡವರ ಕಣ್ಣಲ್ಲಿ ‘ಮಾಂಸ’ ಬೆಳೆಯುವುದು ಮಾಮೂಲು. ಹೆಚ್ಚಿನವು ಟೆರಿಜಿಯಂ, ಕ್ಯಾನ್ಸರ್ ಅಲ್ಲ. ಬಿಳಿಗುಡ್ಡೆ, ಕರಿಗುಡ್ಡೆ ಕೂಡುವ ಅಂಚಿನಲ್ಲಿ ಜೆಲ್ಲಿಯಂತೆ ಉಬ್ಬಿ, ಸುರುಳಿ ರಕ್ತನಾಳ ತುಂಬಿ, ಮೇಲೆ ಬಿಳಿ ಹೊಟ್ಟು ಕೂತಿದ್ದರೆ ಮಾತ್ರ ಸ್ಕ್ವೇಮಸ್ ಗಡ್ಡೆಯ (ಮೇಲ್ಪದರದಲ್ಲಿ ಹುಟ್ಟುವ, ಕ್ಯಾನ್ಸರ್ ಆಗಬಲ್ಲ ಗಡ್ಡೆ) ಅನುಮಾನ ಪಡಲೇಬೇಕು. ಬಿಸಿಲಿನ ಜೊತೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್), ಎಚ್‌ಐವಿ ಸೋಂಕಿಗೂ ಇದರ ನಂಟಿದೆ. ಚಿಕ್ಕ ವಯಸ್ಸಿನವರಲ್ಲಿ ಕಂಡರೆ ಎಚ್‌ಐವಿ ಪರೀಕ್ಷೆ ಬಿಡುವಂತಿಲ್ಲ.

ಮೊದಲು ಒಸಿಟಿ ಸ್ಕ್ಯಾನ್, ಅಂದರೆ ಬೆಳಕಿನಿಂದ ಕಣ್ಣಿನ ಪದರಗಳ ಚಿತ್ರ ತೆಗೆಯುವುದು. ಕೆಲವೇ ನಿಮಿಷದ ಕೆಲಸ, ಕಣ್ಣಿಗೆ ಏನೂ ತಾಗುವುದಿಲ್ಲ. ಸಹಜ ಕಾರ್ನಿಯಾದ (ಕರಿಗುಡ್ಡೆಯ ಮುಂದಿನ ಗಾಜಿನಂಥ ಭಾಗ) ಮೇಲ್ಪದರ ಸುಮಾರು 50 ಮೈಕ್ರಾನ್ ದಪ್ಪ, ಪರದೆಯಲ್ಲಿ ಕಪ್ಪು ಗೆರೆಯಷ್ಟೇ. ಗಡ್ಡೆಯಿದ್ದಲ್ಲಿ ಅದೇ ಪದರ ದಪ್ಪಗಾಗಿ ಬೆಳ್ಳಗೆ ಹೊಳೆಯುತ್ತದೆ, ಅದೂ ತಟ್ಟನೆ: ತೆಳ್ಳೇವಿನ ಅಂಚಿಗೆ ದಪ್ಪ ದೋಸೆ ಅಂಟಿಸಿದ ಹಾಗೆ. ಟೆರಿಜಿಯಂನಲ್ಲಿ ಮೇಲ್ಪದರ ತೆಳ್ಳಗೇ ಇರುತ್ತದೆ, ಹೊಳಪು ಅದರ ಕೆಳಗೆ. ಇದೊಂದೇ ವ್ಯತ್ಯಾಸಕ್ಕೆ ಸ್ಕ್ಯಾನಿಗೆ ಪೂರ್ತಿ ಅಂಕ ಕೊಡಬಹುದು. ಆದರೆ ಹೊಟ್ಟು ದಪ್ಪಗಿದ್ದರೆ ಬೆಳಕು ಇಳಿಯದೆ ಅಡಿಯಲ್ಲಿ ನೆರಳು ಬೀಳುತ್ತದೆ. ಗಡ್ಡೆ ಎಷ್ಟು ಆಳಕ್ಕೆ ಹೋಗಿದೆಯೆಂದು ಹೇಳಲಾಗದು. ಅಂಥಲ್ಲಿ ಬಯಾಪ್ಸಿಯೇ ಗತಿ. ಸ್ಕ್ಯಾನಿನ ಗೆರೆ ಗಡ್ಡೆಯನ್ನೂ ಪಕ್ಕದ ಸಹಜ ಭಾಗವನ್ನೂ ಹಾಯಬೇಕು, ಪ್ರತಿ ಸಲವೂ ಅದೇ ಜಾಗದಲ್ಲಿ. ಇಲ್ಲದಿದ್ದರೆ ಹಳೆಯ ಚಿತ್ರದೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ಇನ್ನೊಂದು: ಹಲವು ಕಡೆ ಇರುವ ಒಸಿಟಿ ಯಂತ್ರ ಕಣ್ಣಿನ ಹಿಂಪದರವಾದ ರೆಟಿನಾ ನೋಡುವುದಕ್ಕೆ. ಘಟ್ಟ ಹತ್ತುವ ಮೊದಲೇ ಫೋನ್ ಮಾಡಿ ‘ಆಂಟೀರಿಯರ್ ಸೆಗ್ಮೆಂಟ್ ಸ್ಕ್ಯಾನ್ ಮಾಡ್ತೀರಾ’ ಎಂದು, ಅಂದರೆ ಕಣ್ಣಿನ ಮುಂಭಾಗದ ಸ್ಕ್ಯಾನ್ ಇದೆಯೇ ಎಂದು ಕೇಳಿಕೊಳ್ಳಿ.

ಇನ್ನು ಸೂಜಿ. ಕತ್ತರಿಸುವುದಾದರೆ ಗಡ್ಡೆಯ ಸುತ್ತ ಸುಮಾರು 4 ಮಿ.ಮೀ. ಸಹಜ ಪದರವನ್ನೂ ತೆಗೆದು ಅಂಚಿಗೆ ಕ್ರಯೋ (ಅತಿ ತಂಪಿನಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ) ಕೊಡಬೇಕು. ಔಷಧಿಯ ಲಾಭವೆಂದರೆ ಕಣ್ಣಿಗೆ ಕಾಣದ ಅಂಚನ್ನೂ ಅದು ತಲುಪುತ್ತದೆ. ಇಂಟರ್‌ಫೆರಾನ್ ಆಲ್ಫಾ-2ಬಿ (ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಪ್ರೋಟೀನ್ ಔಷಧಿ) 30 ಲಕ್ಷ ಯೂನಿಟ್, 0.5 ಮಿ.ಲೀ., ವಾರಕ್ಕೊಮ್ಮೆ. ಮರಗಟ್ಟಿಸುವ ಹನಿ, ಆಮೇಲೆ ಪೊವಿಡೋನ್ ಅಯೋಡಿನ್, ನಂತರ 30 ಗೇಜ್ ಸೂಜಿಯಿಂದ ಗಡ್ಡೆಯ ಪಕ್ಕದ ಪದರದಡಿ ಬಿಡುತ್ತಾರೆ. ಅಲ್ಲಿ ನೀರುಗುಳ್ಳೆಯಂತೆ ಉಬ್ಬುತ್ತದೆ. ರಕ್ತ ಹರಡಿ ಕೆಂಪಾದರೆ ಗಾಬರಿ ಬೇಡ, ಒಂದೆರಡು ವಾರದಲ್ಲಿ ಕರಗುತ್ತದೆ. ಅದೇ ದಿನ ಸಂಜೆ ಜ್ವರ, ಮೈಕೈ ನೋವು ಬರಬಹುದು; ಪ್ಯಾರಾಸಿಟಮಾಲ್ ಸಾಕು. ಖಿನ್ನತೆ, ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವಂಥದ್ದು), ಗರ್ಭ ಇದ್ದರೆ ಮೊದಲೇ ಹೇಳಬೇಕು.

ಇದೇ ಔಷಧಿ ಹನಿಯಾಗಿಯೂ ಬರುತ್ತದೆ: ಮಿ.ಲೀ.ಗೆ 10 ಲಕ್ಷ ಯೂನಿಟ್, ದಿನಕ್ಕೆ ನಾಲ್ಕು ಸಲ, ತಿಂಗಳುಗಟ್ಟಲೆ. ಕಡಲಿಗೆ ಹೋದವರು ಅದನ್ನು ಸರಿಯಾಗಿ ಹಾಕಿಕೊಳ್ಳುವುದು ಅಷ್ಟಕ್ಕಷ್ಟೆ. ಅದಕ್ಕೇ ಇಲ್ಲಿ ಸೂಜಿಗೆ ನಮ್ಮ ಮತ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಎಂಟು ವಾರ ಸಿಗುತ್ತದೆ, ವಾರದ ಸೂಜಿಗೆ ಹೇಳಿ ಮಾಡಿಸಿದ ಹಾಗೆ. ಹಾಗಂತ ಜನವರಿಯಲ್ಲಿ ಕಂಡ ಗಡ್ಡೆಯನ್ನು ಜೂನ್‌ವರೆಗೆ ಇಟ್ಟುಕೊಂಡು ಕೂರಬಾರದು.

ದೊಡ್ಡ ದೋಷ ತಂಪಿನದು. ವಯಲ್ (ಔಷಧಿಯ ಪುಟ್ಟ ಶೀಶೆ) 2ರಿಂದ 8 ಡಿಗ್ರಿಯಲ್ಲೇ ಇರಬೇಕು. ನಮ್ಮ ಕಡೆ ಥರ್ಮಾಕೋಲ್ ಡಬ್ಬಿಗೂ ಮೀನಿನ ಐಸಿಗೂ ಬರವಿಲ್ಲ, ಎಡವಟ್ಟಾಗುವುದೂ ಅಲ್ಲೇ: ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದ ದ್ರವ ಮತ್ತೆ ಕರಗಿದರೂ ಬಳಸುವಂತಿಲ್ಲ. ವಯಲನ್ನು ಬಟ್ಟೆಯಲ್ಲಿ ಸುತ್ತಿ, ಐಸಿಗೂ ಅದಕ್ಕೂ ನಡುವೆ ರಟ್ಟು ಇಡಿ. ಪುಡಿಯ ವಯಲಾದರೆ 0.5 ಮಿ.ಲೀ. ಇಂಜೆಕ್ಷನ್ನಿನ ಸ್ಟೆರೈಲ್ ನೀರಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಕುಲುಕಿದರೆ ಪ್ರೋಟೀನ್ ಕೆಡುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರಿನವರು ವಯಲ್ ಮನೆಗೆ ತರದೆ ಆಸ್ಪತ್ರೆಯ ಫ್ರಿಜ್‌ನಲ್ಲೇ ಇಡಿಸಿಕೊಳ್ಳುವುದು ಜಾಣತನ.

ನಾಲ್ಕೈದು ಸೂಜಿಯಾದರೂ ಸ್ಕ್ಯಾನಿನಲ್ಲಿ ಪದರ ತೆಳ್ಳಗಾಗದಿದ್ದರೆ 5-ಎಫ್‌ಯು ಎಂಬ ಕ್ಯಾನ್ಸರ್ ಔಷಧಿಯ ಹನಿಗೋ (ಶೇ. 1, ಒಂದು ವಾರ ಹಾಕಿ ಮೂರು ವಾರ ಬಿಡುವುದು) ಶಸ್ತ್ರಚಿಕಿತ್ಸೆಗೋ ಬದಲಾಯಿಸುವ ಮಾತು ವೈದ್ಯರೊಡನೆ ಆಡಬೇಕು. ಕನ್ನಡಿಯಲ್ಲಿ ಗಡ್ಡೆ ಮಾಯವಾಯಿತೆಂದು ಸೂಜಿ ನಿಲ್ಲಿಸಬೇಡಿ. ಬರಿಗಣ್ಣಿಗೆ ಚೊಕ್ಕವಾಗಿ ಕಂಡ ಜಾಗದಲ್ಲೂ ಸ್ಕ್ಯಾನಿನಲ್ಲಿ ಆ ಬಿಳಿ ದಪ್ಪ ಪದರ ಉಳಿದಿರುವುದುಂಟು.